ಸುರಂಗದಲ್ಲಿ ಕೂಗಿದರೆ ಮಾತು ತಲುಪುತ್ತದೆಯೇ?

ಪ್ರಶ್ನೆ: 2022ರಲ್ಲಿ ನಾವಿಬ್ಬರೂ ಲಂಡನ್ನಿನ ಹೌನ್‌ಸ್ಲೋದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಲ್ಲಿನ ಭೂಗತ ಮೆಟ್ರೊದ ಪಿಕಡಿಲಿ ಮಾರ್ಗದ ರೈಲು ಬೇರನ್ಸ್ ಕೋರ್ಟ್ ನಿಲ್ದಾಣ ದಾಟಿ ಸುರಂಗ ಹೊಕ್ಕ ಕೂಡಲೇ ಮೊಬೈಲ್ ಕರೆ ಕಡಿದುಹೋಗುತ್ತಿತ್ತು. ಜೂಬಿಲಿ ಮಾರ್ಗದಲ್ಲಿ ವೆಸ್ಟ್‌ಮಿನ್‌ಸ್ಟರ್ ಕಳೆದ ಮೇಲೆ ಸುರಂಗದಲ್ಲೂ ಮಾತನಾಡಬಹುದಿತ್ತು. ಒಂದೇ ಊರಿನಲ್ಲಿ ಹೀಗೇಕೆ? ಮಾತು ಸರಿಯಾಗಿ ಕೇಳಿಸದಿದ್ದರೆ ನಮ್ಮ ಯಜಮಾನರು ಕೂಗತೊಡಗುತ್ತಾರೆ, ಮಗಳಿಗೆ ಮುಜುಗರ. ಮತ್ತೆ ಹೊರಟಿದ್ದೇವೆ. ಕೂಗುವುದರಿಂದ ಏನಾದರೂ ಪ್ರಯೋಜನವಿದೆಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ಕೂಗಿನ ಪ್ರಶ್ನೆಗೇ ಮೊದಲು ಬರುತ್ತೇನೆ, ನಿಮ್ಮ ಯಜಮಾನರ ಪರವಾಗಿ ಹೇಳಬೇಕಾದದ್ದಿದೆ. ನಾನು ದೂರವಾಣಿ ಇಲಾಖೆಯಲ್ಲಿ ದುಡಿದವನು. ಟ್ರಂಕ್ ಕಾಲ್ ಕಾಲದ ಫೋನಿನಲ್ಲಿ ನಾವು ಮಾತನಾಡುವ ತುದಿಯೊಳಗೆ ಇಂಗಾಲದ ಹರಳುಗಳಿರುತ್ತಿದ್ದವು. ದನಿ ಏರಿದಂತೆ ಅವುಗಳ ಮೇಲಿನ ಒತ್ತಡ ಏರಿ, ತಂತಿಯ ವಿದ್ಯುತ್ತಿನ ಏರಿಳಿತವೂ ಹಿಗ್ಗುತ್ತಿತ್ತು. ಆಗ ಗಟ್ಟಿಯಾಗಿ ಮಾತನಾಡಿದವರು ತಿಳಿದವರೇ. ಈಗಿನ ಮೊಬೈಲ್ ದನಿಯನ್ನು ಅಂಕಿಗಳಾಗಿ ಬದಲಿಸಿ ರೇಡಿಯೊ ಅಲೆಯಲ್ಲಿ ಕಳಿಸುತ್ತದೆ. ಸಿಗ್ನಲ್ ಕುಂದಿದಾಗ ಕಳೆದುಹೋಗುವುದು ಆ ಅಂಕಿಗಳು. ಪಿಸುಮಾತಿನ ಅಂಕಿಯೂ ಕೂಗಿನ ಅಂಕಿಯೂ ಒಂದೇ ರೀತಿ ಕಳೆದುಹೋಗುತ್ತವೆ. ಆ ಕೂಗು ಡಬ್ಬಿಯಲ್ಲಿರುವ ಉಳಿದವರಿಗಷ್ಟೇ ಚೆನ್ನಾಗಿ ಕೇಳಿಸುತ್ತದೆ. ಕೆಲಸ ಮುಗಿಸಿ ಬಳಲಿ ಕುಳಿತವರಿಗೆ ಅದು ಹಿಂಸೆ. ಈ ವಿಷಯದಲ್ಲಿ ನಾನು ಮಗಳ ಪಕ್ಷ.

ಇನ್ನು ಸುರಂಗ. ಮಣ್ಣೂ ನೀರೂ ರೇಡಿಯೊ ಅಲೆಗಳನ್ನು ಹೀರಿಕೊಳ್ಳುತ್ತವೆ, ಹಾಗಾಗಿ ಮೇಲಿನ ಟವರಿನ ಸಿಗ್ನಲ್ ಆಳಕ್ಕೆ ಇಳಿಯುವುದಿಲ್ಲ. ಸುರಂಗದ ಉದ್ದಕ್ಕೂ ಬೇರೆಯೇ ಕೇಬಲ್ ಎಳೆಯಬೇಕು. ಅದರ ಹೊರಕವಚದಲ್ಲಿ ಬೇಕೆಂದೇ ಸೀಳುಗಳನ್ನು ಬಿಟ್ಟಿರುತ್ತಾರೆ. ಹನಿ ನೀರಾವರಿಯ ಕೊಳವೆಯಿಂದ ನೀರು ಜಿನುಗುವಂತೆ ಅಲ್ಲಿಂದ ಸಿಗ್ನಲ್ ಸೋರಿ ಪಕ್ಕದ ರೈಲಿಗೆ ತಲುಪುತ್ತದೆ. ಕೇಳಲು ಸುಲಭ. ಆದರೆ ಲಂಡನ್ನಿನ ಹಳೆಯ ಆಳದ ಸುರಂಗಗಳ ಅಗಲ ಸುಮಾರು ಮೂರೂವರೆ ಮೀಟರ್ ಮಾತ್ರ, ರೈಲು ಗೋಡೆಗೆ ಉಜ್ಜುವಷ್ಟು ಹತ್ತಿರ ಓಡುತ್ತದೆ. ರಾತ್ರಿ ರೈಲು ನಿಂತ ಕೆಲವೇ ಗಂಟೆಗಳಲ್ಲಿ ಒಳಗಿಳಿದು ಕೇಬಲ್ ಕಟ್ಟಿ, ಬೆಳಗಿನ ಮೊದಲ ರೈಲಿಗೆ ಮುಂಚೆ ಹೊರಬರಬೇಕು. ಆ ಕೆಲಸಗಾರರನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ.

ನೀವು ಮಾತನಾಡಿದ ಜೂಬಿಲಿಯ ಭಾಗ 1999ರಲ್ಲಿ ತೆರೆದದ್ದು, ಅದರ ಸುರಂಗ ಹೆಚ್ಚು ಅಗಲ. ವೆಸ್ಟ್‌ಮಿನ್‌ಸ್ಟರ್‌ನಿಂದ ಕ್ಯಾನಿಂಗ್ ಟೌನ್‌ವರೆಗೆ 2020ರ ಮಾರ್ಚ್‌ನಲ್ಲಿ 4ಜಿ ಬಂತು. ಆಮೇಲೆ ಸೆಂಟ್ರಲ್, ನಾರ್ದರ್ನ್ ಮುಂತಾದ ಮಾರ್ಗಗಳಿಗೂ ತುಂಡು ತುಂಡಾಗಿ ವಿಸ್ತರಿಸುತ್ತಿದ್ದಾರೆ. ಆದ್ದರಿಂದ ಈ ಸಲ ನಿಮಗೆ ಕರೆ ಸಿಗುವ ಜಾಗಗಳು ಹೆಚ್ಚೇ ಇರುತ್ತವೆ.

ಆದರೂ ಸುರಂಗದಲ್ಲಿ ಕರೆಗಿಂತ ಸಂದೇಶವೇ ಮೇಲು. ಸಿಗ್ನಲ್ ಕಡಿದರೆ ಕರೆ ಸತ್ತುಹೋಗುತ್ತದೆ. ವಾಟ್ಸ್‌ಆ್ಯಪ್ ಸಂದೇಶ ಕಾದಿದ್ದು ಸಂಪರ್ಕ ಸಿಕ್ಕೊಡನೆ ತಾನಾಗಿ ಹೊರಡುತ್ತದೆ. ಮಾತನಾಡಲೇಬೇಕಾದರೆ ಮೈಕ್ ಇರುವ ಇಯರ್‌ಫೋನ್ ಕೊಡಿಸಿ. ಸ್ವಂತ ದನಿ ಕಿವಿಗೆ ಮಂದವಾಗಿ ಕೇಳಿದರೆ ಮನುಷ್ಯ ಮತ್ತೆ ಕೂಗುತ್ತಾನೆ, ಹಾಗಾಗಿ ಒಂದು ಕಿವಿಗೆ ಮಾತ್ರ ಸಿಕ್ಕಿಸಿಕೊಳ್ಳಲಿ. ಇದನ್ನು ವಿಮಾನ ಹತ್ತುವ ಮೊದಲೇ ಮೈಸೂರಿನ ಮನೆಯಲ್ಲಿ ಅಭ್ಯಾಸ ಮಾಡಿಸಿ.