ನೆರೆಮನೆಯ ಮೂನ್‌ಕೇಕ್ ಮತ್ತು ನಮ್ಮ ಸಸ್ಯಾಹಾರ

ಪ್ರಶ್ನೆ: ಸಿಂಗಪುರದಲ್ಲಿ ನಮ್ಮ ಎದುರು ಮನೆಯಲ್ಲಿರುವ ಚೀನೀ ಹಿರಿಯ ದಂಪತಿ ನಮ್ಮ ಮಕ್ಕಳನ್ನು ಬಹಳ ಹಚ್ಚಿಕೊಂಡಿದ್ದಾರೆ. ಶರತ್ಕಾಲದ ಹುಣ್ಣಿಮೆಯ ರಾತ್ರಿ ಮಕ್ಕಳೊಡನೆ ಲಾಂದ್ರ ಹಿಡಿದು ನಡೆಯಲು ಕರೆದಿದ್ದಾರೆ. ಮೂನ್‌ಕೇಕ್ ಕೊಡುವುದಾಗಿಯೂ ಹೇಳಿದ್ದಾರೆ. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಅದು ಪಿತೃಪಕ್ಷದ ಹೊತ್ತು, ಹೋಗಬೇಡಿ ಎಂದು ಊರಿನಿಂದ ಅತ್ತೆಯವರು ಹೇಳುತ್ತಿದ್ದಾರೆ. ನಾವು ಏನು ಮಾಡಬೇಕು?
— ಓದುಗರೊಬ್ಬರು, ಸಿಂಗಪುರ

ಉತ್ತರ: ದಯವಿಟ್ಟು ಹೋಗಿ. ಮೊದಲು ಅತ್ತೆಯವರ ಆತಂಕವನ್ನು ನೋಡೋಣ. ಈ ಹಬ್ಬ ಚೀನೀ ಪಂಚಾಂಗದ ಎಂಟನೆಯ ತಿಂಗಳ ಹದಿನೈದನೆಯ ದಿನ ಬರುತ್ತದೆ. ಅದು ಹೆಚ್ಚಿನ ವರ್ಷಗಳಲ್ಲಿ ನಮ್ಮ ಭಾದ್ರಪದದ ಹುಣ್ಣಿಮೆಯ ಆಸುಪಾಸು. ಪಕ್ಷ ಮೊದಲಾಗುವುದು ಅದರ ಮಾರನೆಯ ಪಾಡ್ಯದಿಂದ. ಎರಡೂ ಪಂಚಾಂಗಗಳಲ್ಲಿ ಅಧಿಕಮಾಸವುಂಟು, ಆದರೆ ಅದು ಸದಾ ಒಂದೇ ಕಾಲಕ್ಕೆ ಬರುವುದಿಲ್ಲವಾದ್ದರಿಂದ 2025ರಲ್ಲಿ ಈ ಹಬ್ಬ ಅಕ್ಟೋಬರ್ 6ಕ್ಕೆ, ಅಂದರೆ ಪಿತೃಪಕ್ಷವೂ ನವರಾತ್ರಿಯೂ ಮುಗಿದ ಮೇಲೆ, ಸೀಗೆ ಹುಣ್ಣಿಮೆಯ ವೇಳೆಗೆ ಬಂದಿತ್ತು. 2026ರಲ್ಲಿ ಅದು ಸೆಪ್ಟೆಂಬರ್ 25ರಂದು, ಪಕ್ಷಕ್ಕೆ ಮೊದಲೇ ಬರುತ್ತದೆ. ಇದನ್ನು ಅತ್ತೆಯವರಿಗೆ ತಿಥಿ ಸಹಿತ ವಿವರಿಸಿದರೆ ಅವರು ಒಪ್ಪಿಯಾರು ಎಂದು ನನ್ನ ನಂಬಿಕೆ.

ಇನ್ನು ಮೂನ್‌ಕೇಕಿನ ವಿಷಯ. ಇಲ್ಲಿ ನಿಜವಾಗಿಯೂ ಎಚ್ಚರ ಬೇಕು. ಕ್ಯಾಂಟನ್ ಶೈಲಿಯ, ಮೇಲೆ ಅಚ್ಚಿನ ಚಿತ್ತಾರವಿರುವ ಕಂದು ಬಣ್ಣದ ಮೂನ್‌ಕೇಕಿನೊಳಗೆ ಕಮಲದ ಬೀಜವನ್ನು ಬೇಯಿಸಿ ಅರೆದ ಸಿಹಿ ಹೂರಣವಿರುತ್ತದೆ. ಅದರ ನಡುವೆ ಸಾಮಾನ್ಯವಾಗಿ ಉಪ್ಪಿನಲ್ಲಿ ನೆನೆಸಿಟ್ಟ ಬಾತುಕೋಳಿ ಮೊಟ್ಟೆಯ ಹಳದಿ ಭಾಗವನ್ನು ಹುಣ್ಣಿಮೆಯ ಚಂದ್ರನ ಗುರುತಾಗಿ ಇಟ್ಟಿರುತ್ತಾರೆ. ಹಳದಿ ಇಲ್ಲದ್ದನ್ನು ಆರಿಸಿದರೂ ಸಾಲದು, ಏಕೆಂದರೆ ಹೊಳಪು ಬರಲೆಂದು ಬೇಯಿಸುವಾಗ ಮೇಲೆ ಮೊಟ್ಟೆ ಸವರುತ್ತಾರೆ, ಮತ್ತು ಹಳೆಯ ಪದ್ಧತಿಯ ತಯಾರಿಕೆಯಲ್ಲಿ ಹಂದಿಯ ಕೊಬ್ಬು ಸೇರುವುದುಂಟು. ಐದು ಬಗೆಯ ಬೀಜಗಳದ್ದೆಂದು ಹೆಸರಾದ ಬಗೆಯಲ್ಲಿ ಕೆಲವೊಮ್ಮೆ ಒಣಗಿಸಿದ ಹಂದಿಮಾಂಸದ ಚೂರುಗಳೂ ಇರುತ್ತವೆ. ಹೆಸರನ್ನು ನಂಬಿ ಬಾಯಿಗಿಡಬೇಡಿ. ಹಲಾಲ್ ಗುರುತಿದ್ದರೆ ಹಂದಿಯ ಕೊಬ್ಬು ಇಲ್ಲವೆಂದಷ್ಟೇ ಅರ್ಥ, ಮೊಟ್ಟೆ ಇರಬಹುದು. ಅಂಟಕ್ಕಿ ಹಿಟ್ಟಿನ ಹೊದಿಕೆಯ, ಬೇಯಿಸದೆ ಫ್ರಿಜ್ಜಿನಲ್ಲಿಡುವ ಸ್ನೋಸ್ಕಿನ್ ಬಗೆಗೆ ಮೊಟ್ಟೆ ಸವರುವುದಿಲ್ಲ. ಆದರೂ ಒಳಗಿನ ಹೂರಣದ ವಿವರವನ್ನು ಪೆಟ್ಟಿಗೆಯ ಮೇಲೆ ಓದಲೇಬೇಕು. ಎಲ್ಲಕ್ಕಿಂತ ನೆಮ್ಮದಿಯ ದಾರಿ ಬೌದ್ಧ ಸಸ್ಯಾಹಾರಿಗಳಿಗಾಗಿ ಮಾಡಿದ್ದನ್ನು ಕೊಳ್ಳುವುದು. ಚೀನೀಯರಲ್ಲೇ ಕಟ್ಟುನಿಟ್ಟಾದ ಸಸ್ಯಾಹಾರದ ಹಳೆಯ ಪರಂಪರೆಯೊಂದಿದೆ ಎಂಬುದನ್ನು ನಮ್ಮವರು ಮರೆಯುತ್ತಾರೆ. ನಿಮ್ಮ ನೆರೆಯವರಿಗೆ ಅದು ಹೊಸದಲ್ಲ.

ಆದ್ದರಿಂದ ಈಗಲೇ ಹೇಳಿಬಿಡಿ. ಮೂನ್‌ಕೇಕ್ ಹಂಚುವುದು ಹಬ್ಬಕ್ಕೆ ಹಲವು ದಿನ ಮೊದಲೇ ಆರಂಭವಾಗುತ್ತದೆ. ಪೆಟ್ಟಿಗೆ ಕೈಗೆ ಬಂದ ಮೇಲೆ ಬೇಡವೆನ್ನುವುದಕ್ಕಿಂತ, "ಆಂಟಿ, ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ" ಎಂದು ಮುಂಚಿತವಾಗಿ ತಿಳಿಸುವುದೇ ಅವರಿಗೆ ತೋರಿಸುವ ಗೌರವ. ಅಷ್ಟರಲ್ಲೇ ಪೆಟ್ಟಿಗೆ ಬಂದರೆ ಎರಡೂ ಕೈ ನೀಡಿ ಸ್ವೀಕರಿಸಿ, ತಿನ್ನುವ ಗೆಳೆಯರಿಗೆ ಕೊಡಿ. ತಿನ್ನಬಹುದಾದದ್ದು ಸಿಕ್ಕಾಗ ಇಡಿಯಾಗಿ ತಿನ್ನಲು ಹೋಗಬೇಡಿ. ಅದು ಬಹಳ ಜಿಡ್ಡು ಮತ್ತು ಸಿಹಿ. ನಾಲ್ಕಾಗಿ ಅಥವಾ ಎಂಟಾಗಿ ಕತ್ತರಿಸಿ, ಸಕ್ಕರೆಯಿಲ್ಲದ ಚೀನೀ ಚಹಾದೊಂದಿಗೆ ಎಲ್ಲರೂ ಹಂಚಿಕೊಳ್ಳುವುದು ರೂಢಿ.

ಕೆಲವು ಮನೆಗಳಲ್ಲಿ ಚಂದ್ರನಿಗೆ ಊದುಬತ್ತಿ ಹಚ್ಚಿ, ಚಕ್ಕೋತ ಮತ್ತು ಬೇಯಿಸಿದ ಕೆಸುವಿನ ಗೆಡ್ಡೆ ಇಡುತ್ತಾರೆ. ನೀವು ಪಕ್ಕದಲ್ಲಿ ನಿಂತು ನೋಡಿದರೆ ಸಾಕು. ಅಮೃತ ಕುಡಿದು ಚಂದ್ರಲೋಕ ಸೇರಿದ ಚಾಂಗ್‌ಅ ಎಂಬಾಕೆಯ ಕಥೆಯನ್ನೂ, ಅಲ್ಲಿ ಒರಳಿನಲ್ಲಿ ಔಷಧಿ ಕುಟ್ಟುವ ಮೊಲದ ಕಥೆಯನ್ನೂ ಆ ಹಿರಿಯರ ಬಾಯಿಂದಲೇ ಮಕ್ಕಳು ಕೇಳಲಿ. ಅತಿಥಿಗೆ ತನ್ನ ದೇಹವನ್ನೇ ಅರ್ಪಿಸಿ ಚಂದ್ರನಲ್ಲಿ ಚಿತ್ರವಾದ ಮೊಲದ ಜಾತಕ ಕಥೆಯನ್ನು ನಿಮ್ಮ ಮಕ್ಕಳು ಅವರಿಗೆ ಹೇಳಲಿ.

ಮಡಿಕೆಯ ಕಾಗದದ ಲಾಂದ್ರಗಳು ಚೈನಾಟೌನಿನಲ್ಲಿ ಸಿಗುತ್ತವೆ. ಮೇಣದಬತ್ತಿಯದ್ದಾದರೆ ಹಿರಿಯರೊಬ್ಬರು ಜೊತೆಗಿರಬೇಕು. ಚಿಕ್ಕ ಮಕ್ಕಳಿಗೆ ಬ್ಯಾಟರಿಯದ್ದೇ ಲೇಸು. ಕೊಳ್ಳಲು ಸಂಜೆ ಹೋದರೆ ನ್ಯೂ ಬ್ರಿಜ್ ರಸ್ತೆಯ ದೀಪಾಲಂಕಾರವನ್ನು ನೋಡಿಕೊಂಡು, ಸಮೀಪದ ಸೌತ್ ಬ್ರಿಜ್ ರಸ್ತೆಯಲ್ಲಿ 1827ರಲ್ಲಿ ಸ್ಥಾಪನೆಯಾದ ಶ್ರೀ ಮಾರಿಯಮ್ಮನ್ ದೇವಾಲಯಕ್ಕೂ ಹೋಗಿ ಬರಬಹುದು.

ಪ್ರತಿಯಾಗಿ ಏನು ಕೊಡುವುದೆಂಬ ಯೋಚನೆ ನಿಮಗೆ ಬಂದೇ ಬರುತ್ತದೆ. ಒಳ್ಳೆಯ ಚಹಾ ಅಥವಾ ಚಕ್ಕೋತ ಕೊಡಿ. ಗಡಿಯಾರ ಬೇಡ, ನಾಲ್ಕರ ಲೆಕ್ಕವೂ ಬೇಡ, ಎರಡನ್ನೂ ಅವರಲ್ಲಿ ಅಶುಭವೆಂದು ಭಾವಿಸುತ್ತಾರೆ. ದೀಪಾವಳಿಗೆ ಅವರನ್ನು ಮನೆಗೆ ಕರೆದು ಚಿರೋಟಿ ಬಡಿಸುವುದಾದರೆ ಆ ಆಮಂತ್ರಣವನ್ನು ಅಂದೇ ಕೊಟ್ಟುಬಿಡಿ.