ಹಿಂದೂಸ್ತಾನಿ ಸಂಗೀತ ಕೇಳೋಕೆ ಎಲ್ಲಿಂದ ಶುರು ಮಾಡಬೇಕು? ಎರಡು ಸಲ ಹಚ್ಚಿ ಹತ್ತು ನಿಮಿಷಕ್ಕೇ ಬಿಟ್ಟಿದ್ದೇನೆ

ನಿಮ್ಮ ಪ್ರಶ್ನೆ ಓದಿದೆ. ಆ್ಯಪ್ ಒಂದೇ ತರಹದ ಹಾಡು ತಂದು ಸುರಿಯುತ್ತದೆ, ಮನಸ್ಸಿನಲ್ಲಿ ಉಳಿಯುವ ಸಂಗೀತ ಬೇಕು, ಹಿಂದೂಸ್ತಾನಿ ಹಚ್ಚಿದರೆ "ಆ ಆ ಅಂತ ಎಳೀತಾರೆ, ನಿದ್ದೆ ಬರುತ್ತೆ" ಅಂತ ಬರೆದಿದ್ದೀರಿ. ಇದು ನಿಮ್ಮ ಕಿವಿಯ ದೋಷವಲ್ಲ. ಬಾಗಿಲು ತಪ್ಪಿದೆ, ಅಷ್ಟೇ.

ನೀವು ಹಚ್ಚಿದ್ದು ಬಹುಶಃ ಬಡಾ ಖ್ಯಾಲ್, ಅಂದರೆ ರಾಗವನ್ನು ನಿಧಾನವಾಗಿ ಬಿಡಿಸುತ್ತಾ ಹೋಗುವ ದೀರ್ಘ ಹಾಡಿಕೆ. ಕಿರಾಣಾ ಘರಾನೆಯವರು (ಘರಾನೆ ಅಂದರೆ ಗಾಯನ ಪರಂಪರೆ) ಅದನ್ನು ಅತಿ ವಿಲಂಬಿತ, ಅಂದರೆ ತೀರಾ ನಿಧಾನದ, ಏಕತಾಲದಲ್ಲಿ ಹಾಡಿದಾಗ ಒಂದು ಮಾತ್ರೆಗೇ (ತಾಳದ ಒಂದು ಎಣಿಕೆಗೇ) ನಾಲ್ಕೈದು ಸೆಕೆಂಡು ಹಿಡಿಯುತ್ತದೆ. ಹನ್ನೆರಡು ಮಾತ್ರೆ ಸೇರಿದರೆ ಒಂದು ಆವರ್ತನಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ. ಅಂದರೆ ನಿಮ್ಮ ಹತ್ತು ನಿಮಿಷದಲ್ಲಿ ತಾಳ ಹತ್ತೋ ಹನ್ನೊಂದೋ ಸುತ್ತು ತಿರುಗಿದೆ. ಪ್ರತಿ ಸುತ್ತಿನ ಕೊನೆಗೂ ಗಾಯಕರು 'ಸಮ್'ಗೆ, ಅಂದರೆ ಮುಂದಿನ ಸುತ್ತಿನ ಮೊದಲ ಮಾತ್ರೆಗೆ, ಬಂದು ಇಳಿದಿದ್ದಾರೆ. ಆ ಇಳಿಯುವ ಜಾಗ ಗೊತ್ತಿದ್ದವರು ಅದಕ್ಕಾಗಿ ಕಾಯುತ್ತಾರೆ, ಬಂದಾಗ ತಲೆದೂಗುತ್ತಾರೆ. ಏನಕ್ಕೆ ಕಾಯಬೇಕು ಅಂತಲೇ ಗೊತ್ತಿಲ್ಲದಿದ್ದರೆ ಯಾರಿಗಾದರೂ ನಿದ್ದೆ ಬರಬೇಕಾದದ್ದೇ.

ಹಾಗಾಗಿ ಮೊದಲು ಸಮ್ ಹಿಡಿಯೋದನ್ನು ಕಲಿಯಿರಿ. ರಾಗ ಗುರುತಿಸೋದು ಆಮೇಲಾಯಿತು. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡಲು ಹೋಗಿ ಸೋಲುತ್ತಾರೆ.

ಅದಕ್ಕೂ ಮುಂಚೆ ಆ್ಯಪ್‌ನಲ್ಲಿ ಸ್ವಲ್ಪ ಕೆಲಸವಿದೆ. ಆಟೋಪ್ಲೇ, ಶಫಲ್, ಕ್ರಾಸ್‌ಫೇಡ್ ಮೂರನ್ನೂ ಆಫ್ ಮಾಡಿ. ಒಂದೇ ರಾಗದ ಬಡಾ ಖ್ಯಾಲ್ ಮತ್ತು ಅದರ ನಂತರ ಬರುವ ಚುರುಕಿನ ಛೋಟಾ ಖ್ಯಾಲ್ ಸಾಮಾನ್ಯವಾಗಿ ಆಲ್ಬಮ್‌ನಲ್ಲಿ ಎರಡು ಟ್ರ್ಯಾಕ್ ಆಗಿರುತ್ತವೆ. ಶಫಲ್ ಇದ್ದರೆ ಕ್ರಮ ಕೆಡುತ್ತದೆ, ಕ್ರಾಸ್‌ಫೇಡ್ ಇದ್ದರೆ ಒಂದರ ಬಾಲ ಇನ್ನೊಂದರ ತಲೆಗೆ ಮೆತ್ತಿಕೊಳ್ಳುತ್ತದೆ. ಆಟೋಪ್ಲೇಯ ತೊಂದರೆ ಬೇರೆ. ಯಾರು ಯಾವುದನ್ನು ಒಟ್ಟಿಗೆ ಕೇಳಿದರು, ಎಲ್ಲಿ ದಾಟಿಸಿದರು ಅನ್ನುವ ಲೆಕ್ಕದ ಮೇಲೆಯೇ ಶಿಫಾರಸು ಬಹುಪಾಲು ನಿಂತಿದೆ. ಭೂಪ್ ರಾಗದ ಒಂದು ಹಾಡು ಮುಗಿದ ಮೇಲೆ ಇನ್ನೊಬ್ಬರ ಭೂಪ್ ಕೇಳಿಸಬೇಕು ಅನ್ನುವ ವಿವೇಕ ಅದರಿಂದ ಹುಟ್ಟುವುದಿಲ್ಲ. ಎರಡು ದಿನದಲ್ಲಿ ನಿಮ್ಮನ್ನು 'ನಿದ್ದೆಗೆ ಕೊಳಲು' ಪಟ್ಟಿಗೆ ತಂದು ಬಿಟ್ಟೀತು.

ಫೋನಿನ ಸ್ಪೀಕರ್‌ನಲ್ಲಿ ಕೇಳಲೇಬೇಡಿ. ಸಾಧಾರಣ ಇಯರ್‌ಫೋನ್ ಸಾಕು, ಆದರೆ ಬೇಕೇ ಬೇಕು. ಕಾರಣ ಕೆಳಗಿದೆ.

ಈಗ ತೀನ್‌ತಾಲ. ಹದಿನಾರು ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ಭಾಗ. ಠೇಕಾ (ತಬಲಾದ ಮೂಲ ಬಡಿತ) ಹೀಗೆ:

ಧಾ ಧಿಂ ಧಿಂ ಧಾ | ಧಾ ಧಿಂ ಧಿಂ ಧಾ | ಧಾ ತಿಂ ತಿಂ ತಾ | ತಾ ಧಿಂ ಧಿಂ ಧಾ

ಬಲಗೈಯ ನಾಲ್ಕು ಬೆರಳಿಗೆ ನಾಲ್ಕು ಭಾಗ. ಪ್ರತಿ ಬೆರಳಿನ ಮೂರು ಗೆಣ್ಣು, ಆಮೇಲೆ ತುದಿ. ಹೆಬ್ಬೆರಳಿನಿಂದ ಮುಟ್ಟುತ್ತಾ ಹೋಗಿ, ಕಿರುಬೆರಳಿನ ಬುಡದಿಂದ ಶುರು ಮಾಡಿ. ಮಧ್ಯದ ಬೆರಳಿಗೆ ಬಂದಾಗ 9ನೇ ಮಾತ್ರೆ, ಅದು 'ಖಾಲಿ'. ಅಲ್ಲಿಂದ ಕಿವಿ ಚುರುಕು ಮಾಡಿ: 10ನೇ ಮಾತ್ರೆಗೆ 'ಧಿಂ' ಇದ್ದದ್ದು 'ತಿಂ' ಆಗುತ್ತದೆ. ತಬಲಾದವರು ಎಡಗೈಯಲ್ಲಿ ನುಡಿಸುವ ಡಗ್ಗಾದ ಗುಂಯ್ ಅನ್ನುವ ನಾದ ನಿಂತು, ಬಲಗೈಯ ಒಣ ಸದ್ದು ಮಾತ್ರ ಉಳಿಯುತ್ತದೆ. 14ನೇ ಮಾತ್ರೆಗೆ ಗುಂಯ್ ಮರಳಿ ಬರುತ್ತದೆ. ಅಲ್ಲಿಂದ ಮೂರು ಎಣಿಸಿದರೆ ಸಮ್ ನಿಮ್ಮ ಕೈಯಲ್ಲಿ. ಫೋನಿನ ಪುಟ್ಟ ಸ್ಪೀಕರ್ ಈ ತಗ್ಗಿನ ನಾದವನ್ನು ಹೊರಡಿಸಲಾರದು. ಖಾಲಿಗೂ ಭರಿಗೂ (ಗುಂಯ್ ಇರುವ ಭಾಗಕ್ಕೂ) ವ್ಯತ್ಯಾಸವೇ ಕೇಳದಿದ್ದ ಮೇಲೆ ಎಣಿಕೆ ತಪ್ಪಿದರೆ ಸರಿಪಡಿಸಿಕೊಳ್ಳುವುದಕ್ಕೆ ಗುರುತು ಎಲ್ಲಿಂದ ಬರಬೇಕು? ಇಯರ್‌ಫೋನ್ ಅಂದದ್ದು ಇದಕ್ಕೇ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಹಾಡಿನ ಮೊದಲ ಪದ ಬಂದ ಕೂಡಲೇ 'ಒಂದು' ಅಂತ ಎಣಿಸಲು ಶುರು ಮಾಡುತ್ತಾರೆ. ತೀನ್‌ತಾಲದ ಎಷ್ಟೋ ಬಂದಿಶ್‌ಗಳು (ಕಟ್ಟಿದ ಹಾಡುಗಳು) ಏಳುವುದೇ 9ನೇ ಮಾತ್ರೆಯಿಂದ. ಸಾಲು ಎಲ್ಲಿ ಶುರುವಾಗುತ್ತದೆ ಅನ್ನುವುದು ಮುಖ್ಯವಲ್ಲ. ಗಾಯಕರು ಏನೆಲ್ಲ ಆಲಾಪ್ (ನಿಧಾನದ ಸ್ವರವಿಸ್ತಾರ), ತಾನ್ (ವೇಗದ ಸ್ವರಸರಣಿ) ಮಾಡಿ ಮರಳಿ ಅದೇ ಸಾಲನ್ನು ಹಿಡಿದಾಗ ಯಾವ ಅಕ್ಷರದ ಮೇಲೆ ಪ್ರತಿ ಸಲವೂ ತೂಕ ಬೀಳುತ್ತದೆ, ತಬಲಾ ಸಹ ಎಲ್ಲಿ ಒತ್ತುತ್ತದೆ, ಅದು ಸಮ್. ಸಮ್‌ವರೆಗೆ ಕರೆದುಕೊಂಡು ಬರುವ ಆ ತುಣುಕಿಗೆ ಮುಖಡಾ ಅನ್ನುತ್ತಾರೆ. ಬಂದಿಶ್‌ನ ಪದಗಳು ಹೆಚ್ಚಾಗಿ ಬ್ರಜ ಭಾಷೆಯವು, ಅರ್ಥವಾಗದಿದ್ದರೂ ನಡೆಯುತ್ತದೆ. ಸಮ್‌ನ ಅಕ್ಷರ ಒಂದನ್ನು ಕಂಠಪಾಠ ಮಾಡಿಕೊಳ್ಳಿ.

ಮೊದಲ ವಾರಕ್ಕೆ ಹಳೆಯ 78 ಆರ್‌ಪಿಎಂ ತಟ್ಟೆಗಳಿಗಿಂತ ಒಳ್ಳೆಯದು ಬೇರೆ ಇಲ್ಲ. ಒಂದು ಬದಿಗೆ ಮೂರು, ಮೂರೂವರೆ ನಿಮಿಷವಷ್ಟೇ ಹಿಡಿಸುತ್ತಿತ್ತು. ಅಬ್ದುಲ್ ಕರೀಂ ಖಾನರು (1872–1937), ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, 'ಗಾಂಧಾರಿ' ಅನ್ನುವ ಹೆಸರಲ್ಲಿ ರೆಕಾರ್ಡ್ ಕೊಟ್ಟ ಎಳೆಯ ವಯಸ್ಸಿನ ಗಂಗೂಬಾಯಿ ಹಾನಗಲ್, ಎಲ್ಲರೂ ಈ ಮೂರು ನಿಮಿಷಕ್ಕೆ ರಾಗವನ್ನು ಬಟ್ಟಿ ಇಳಿಸಿದವರೇ. ಕರಕರ ಸದ್ದಿಗೆ ಕಿವಿ ಒಂದು ದಿನದಲ್ಲಿ ಹೊಂದಿಕೊಳ್ಳುತ್ತದೆ. ದಿನಕ್ಕೆ ಒಂದೇ ತಟ್ಟೆ, ನಾಲ್ಕು ಸಲ ಕೇಳಿ. ನಾಲ್ಕು ತಟ್ಟೆ ಒಂದೊಂದು ಸಲ ಕೇಳಿದರೆ ಏನೂ ಅಂಟುವುದಿಲ್ಲ.

ಎರಡನೇ ವಾರದಿಂದ ಒಂದೇ ರಾಗ ಹಿಡಿಯಿರಿ. ನನ್ನ ಆಯ್ಕೆ ಭೂಪ್. ಐದೇ ಸ್ವರ: ಸ ರಿ ಗ ಪ ಧ. ಮಧ್ಯಮ (ಮ), ನಿಷಾದ (ನಿ) ಇಲ್ಲ. ನಮ್ಮ ಕರ್ನಾಟಕಿಯ ಮೋಹನಕ್ಕೂ ಇವೇ ಸ್ವರ, ಹಾಗಾಗಿ ಕನ್ನಡದ ಕಿವಿಗೆ ಇದು ಪೂರಾ ಅಪರಿಚಿತವಲ್ಲ. 'ಗ ರಿ ಸ ಧ, ಸ ರಿ ಗ, ಪ ಗ, ಧ ಪ ಗ ರಿ ಸ' ಅನ್ನುವ ನಡೆ ಪದೇಪದೇ ಕಾಣಿಸುತ್ತದೆ. ಗಾಂಧಾರದ (ಗ) ಮೇಲೆ ಬಂದು ಕೂರುವುದೇ ಈ ರಾಗದ ಮನೆ. ಗಾಯಕಿ ಕಿಶೋರಿ ಅಮೋಣಕರ್ ಅವರ ಭೂಪ್‌ನಿಂದ ಶುರು ಮಾಡಿ, ಆದರೆ ಮೊದಲು ತೀನ್‌ತಾಲದ 'ಸಹೇಲಾ ರೇ', ಅದು ಬಾಯಿಗೆ ಬಂದ ಮೇಲೆ ಅದರ ಹಿಂದಿನ ಬಡಾ ಖ್ಯಾಲ್. ಹೀಗೆ ಹಿಂದುಮುಂದಾಗಿ ಕೇಳುವುದಕ್ಕೆ ಸಂಪ್ರದಾಯಸ್ಥರು ಒಪ್ಪಲಿಕ್ಕಿಲ್ಲ. ಹೊಸಬರಿಗೆ ಮಾತ್ರ ಇದೇ ಸಲೀಸು. ಆಮೇಲೆ ಇನ್ನಿಬ್ಬರ ಭೂಪ್ ಹುಡುಕಿ, ಬೇರೆ ಘರಾನೆಯವರದಾಗಿರಲಿ.

ಹುಡುಕುವಾಗ ಹೆಸರಿನ ಬಲೆಗಳಿವೆ. ಭೂಪ್, ಭೂಪಾಲಿ ಎರಡೂ ಒಂದೇ. ಆದರೆ ಕರ್ನಾಟಕಿಯ 'ಭೂಪಾಳ' ಬೇರೆಯೇ ರಾಗ. ಹಿಂದೂಸ್ತಾನಿಯ ಮಾಲ್‌ಕೌಂಸ್ ಸ್ವರಗಳು ಕರ್ನಾಟಕಿಯ ಹಿಂದೋಳದಲ್ಲಿವೆ, ಹಿಂದೂಸ್ತಾನಿಯ ಹಿಂಡೋಲ್‌ನಲ್ಲಿ ಅಲ್ಲ. ಹಿಂದೂಸ್ತಾನಿಯ ತೋಡಿ ಕರ್ನಾಟಕಿಯ ಶುಭಪಂತುವರಾಳಿಗೆ ಹತ್ತಿರ, ಕರ್ನಾಟಕಿಯ ತೋಡಿ ಹಿಂದೂಸ್ತಾನಿಯ ಭೈರವಿಗೆ ಹತ್ತಿರ. ಹೆಸರು ನಂಬಿ ಹೋದರೆ 'ಒಂದೇ ರಾಗ ಇಬ್ಬರಲ್ಲಿ ಹೀಗೇಕೆ ಬದಲಾಯಿತು' ಅಂತ ತಲೆ ಕೆಡಿಸಿಕೊಳ್ಳುತ್ತೀರಿ. ಗಾಯಕರ ಹೆಸರಿನ ಜೊತೆ ರಾಗದ ಹೆಸರನ್ನು ಎರಡು ಮೂರು ಕಾಗುಣಿತದಲ್ಲಿ ಹಾಕಿ ನೋಡಿ.

ಬಡಾ ಖ್ಯಾಲ್‌ಗೆ ಹೋಗುವಾಗ ಕಿರಾಣಾದಿಂದ ಶುರು ಮಾಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜೈಪುರ–ಅತ್ರೌಲಿ ಘರಾನೆಯವರು ಬಡಾ ಖ್ಯಾಲನ್ನೂ ಹೆಚ್ಚಾಗಿ ತೀನ್‌ತಾಲದಲ್ಲೇ, ಅಷ್ಟು ಎಳೆಯದ ಲಯದಲ್ಲಿ ಹಾಡುತ್ತಾರೆ. ಅದೇ ಬೆರಳೆಣಿಕೆ ಅಲ್ಲೂ ನಡೆಯುತ್ತದೆ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರ್ (1910–1992) ಅವರನ್ನು ಇಲ್ಲಿ ಕೇಳಿ. ಆ ಘರಾನೆಯ ಮೂಲಪುರುಷ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನ್ ಬಳಿ ಕಲಿತವರು. ತಾನ್ ಎಲ್ಲೆಲ್ಲೋ ಸುತ್ತಿ, ಇನ್ನು ಸಮ್ ತಪ್ಪಿತು ಅನ್ನುವಾಗ ಸಲೀಸಾಗಿ ಬಂದು ಕೂರುತ್ತಾರೆ. ಎಣಿಸುತ್ತಾ ಕೇಳಿದವರಿಗೆ ಆ ಕ್ಷಣದಲ್ಲಿ ಮೈ ಜುಮ್ಮೆನ್ನುತ್ತದೆ, ಎಣಿಸದವರಿಗೆ ಅದು ದಕ್ಕುವುದಿಲ್ಲ. ಒಂದು ಎಚ್ಚರಿಕೆ: ಅವರು ಅಪರೂಪದ ರಾಗಗಳಿಗೆ, ಜೋಡು (ಬೇರೆ ರಾಗಗಳು ಬೆರೆತ) ರಾಗಗಳಿಗೆ ಹೆಸರಾದವರು. ಶಿವಮತ ಭೈರವ್, ಖಟ್, ಬಹಾದುರಿ ತೋಡಿ ಇಂಥವು ಕಂಡರೆ ಸದ್ಯಕ್ಕೆ ಪಕ್ಕಕ್ಕಿಡಿ, ಪರಿಚಿತ ರಾಗದ್ದು ಆರಿಸಿ.

ಮಾತಿನ ಅರ್ಥವೂ ಬೇಕು ಅನಿಸಿದರೆ ಮನ್ಸೂರ್ ಮತ್ತು ಬಸವರಾಜ ರಾಜಗುರು ಹಾಡಿದ ವಚನಗಳಿವೆ, ಭೀಮಸೇನ ಜೋಶಿಯವರ ದಾಸವಾಣಿ ಇದೆ. ಗೊತ್ತಿರುವ ಕನ್ನಡ ಸಾಲಿಗೆ ಸ್ವರ ಏನು ಮಾಡುತ್ತದೆ ಅನ್ನುವುದು ನೇರವಾಗಿ ತಾಕುತ್ತದೆ. ನಿದ್ದೆ ಬಂದ ದಿನ ಇವನ್ನೇ ಕೇಳಿ.

ಒಂದು ನೋಟ್‌ಬುಕ್ಕಿನಲ್ಲಿ ಗಾಯಕರು, ರಾಗ, ತಾಳ, ಸಮ್‌ನ ಅಕ್ಷರ, ಇಷ್ಟನ್ನು ಬರೆದಿಡಿ. ಒಂದು ರೆಕಾರ್ಡಿಂಗ್ ಐದು ಸಲ ಕೇಳಿದ ಮೇಲೂ ಒಳಗೆ ಇಳಿಯಲಿಲ್ಲವೇ? ಗಾಯಕರನ್ನು ಬದಲಿಸಿ, ರಾಗ ಅದೇ ಇರಲಿ. ಮೂವರಲ್ಲೂ ಇಳಿಯಲಿಲ್ಲ ಅಂದರೆ ರಾಗ ಬದಲಿಸಿ, ಯಮನ್ ಹಿಡಿಯಿರಿ.

ಒಂದು ತಿಂಗಳಾದ ಮೇಲೆ ಕಿವಿಗೊಂದು ಪರೀಕ್ಷೆ. ದೇಶ್‌ಕಾರ್ ಹಚ್ಚಿ. ಸ್ವರಗಳು ಭೂಪ್‌ನವೇ, ಅದೇ ಐದು. ಆದರೆ ಭೂಪ್ ಸಂಜೆಯ ನಂತರದ್ದು, ದೇಶ್‌ಕಾರ್ ಬೆಳಗಿನದು. ಇದು ಗಾಂಧಾರಕ್ಕೆ ಬರುವ ಬದಲು ಧೈವತದ (ಧ) ಮೇಲೆ, ಮೇಲುಭಾಗದಲ್ಲೇ ನಿಲ್ಲುತ್ತದೆ, ರಿಷಭವನ್ನು (ರಿ) ಹೆಚ್ಚು ಮುಟ್ಟುವುದಿಲ್ಲ. 'ಸ್ವರ ಅವೇ, ಆದರೆ ಇದು ಭೂಪ್ ಅಲ್ಲ' ಅಂತ ಅನಿಸಿದರೆ ನೀವು ನೇರ ಕಛೇರಿಗೆ, ಅಂದರೆ ಮೆಹಫಿಲ್‌ಗೆ ಹೋಗಲು ತಯಾರಾಗಿದ್ದೀರಿ. ಕುಂದಗೋಳ, ಗದಗ, ಧಾರವಾಡದ ಕಡೆ ಸಂಗೀತಗಾರರ ಪುಣ್ಯತಿಥಿಯ ಕಾರ್ಯಕ್ರಮಗಳನ್ನು ವಿಚಾರಿಸಿ. ಬೆಂಗಳೂರಿನಲ್ಲಿದ್ದರೆ ಚಾಮರಾಜಪೇಟೆಯ ರಾಮನವಮಿ ಕಛೇರಿಗಳ ಪಟ್ಟಿಯಲ್ಲೂ ಹಿಂದೂಸ್ತಾನಿ ಗಾಯಕರಿರುತ್ತಾರೆ. ತಬಲಾದವರ ಎಡಗೈ ಕಾಣುವ ಕಡೆ ಜಾಗ ಹಿಡಿಯಿರಿ. ಎಣಿಕೆ ತಪ್ಪಿದರೆ ಮುಂದಿನ ಸಾಲಿನ ಹಿರಿಯರ ತಲೆಯನ್ನೇ ನೋಡುತ್ತಿರಿ, ಅದು ಸಮ್‌ಗೆ ಸರಿಯಾಗಿ ಬಾಗುತ್ತದೆ.