ರಾತ್ರಿ ಚೆನ್ನಾಗಿದ್ದ ಕೀಲು ಬೆಳಿಗ್ಗೆ ಊದಿಕೊಂಡರೆ ಮೊದಲು ಏನು ಮಾಡಬೇಕು?

ನೀವು ಕೇಳಿರುವುದು ಇಷ್ಟು: ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದು ಉರಿಯೂತ ತರುವ ಕಾಯಿಲೆ) ಇದೆ, ಅದನ್ನು ತಗ್ಗಿಸಲು ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ ತಗೊಳ್ಳುತ್ತಿದ್ದೀರಿ, ಕೆಲವು ತಿಂಗಳಿಂದ ಎಲ್ಲ ಹತೋಟಿಯಲ್ಲಿತ್ತು. ಈಗ ರಾತ್ರೋರಾತ್ರಿ ಮಣಿಕಟ್ಟು, ಬೆರಳಿನ ಗೆಣ್ಣು ಊದಿಕೊಂಡು ನೋಯುತ್ತಿವೆ. ಪೇನ್ ಕಿಲ್ಲರ್ ನುಂಗಿ ಸುಮ್ಮನಿರಬೇಕಾ, ಡಾಕ್ಟರ್ ಹತ್ತಿರ ಓಡಬೇಕಾ, ವ್ಯಾಯಾಮ ಬಿಡಬೇಕಾ?

ನನಗೂ ಇದೇ ಕಾಯಿಲೆ. ಹಲವು ವರ್ಷಗಳಿಂದ ಜೊತೆಗಿದೆ. ನಾನು ಡಾಕ್ಟರ್ ಅಲ್ಲ, ಆದ್ದರಿಂದ ಯಾವ ಮಾತ್ರೆ ಎಷ್ಟು ಅಂತ ಹೇಳಲು ಹೋಗುವುದಿಲ್ಲ. ಆದರೆ ನೋವು ಬಂದ ತಕ್ಷಣ ಅದರ ಜೊತೆ ಗುದ್ದಾಡುವುದಕ್ಕಿಂತ ಮೊದಲು ಇದು ಯಾವ ನೋವು ಅಂತ ನೋಡಿಕೊಳ್ಳಬೇಕು. ನನ್ನ ಉತ್ತರದಲ್ಲಿ ಮುಖ್ಯವಾದದ್ದು ಅದೇ.

ನಿಮಗೆ ನೋಯುತ್ತಿರುವುದು ಎರಡೂ ಕೈಯಾ, ಒಂದೇ ಕೈಯಾ ಅಂತ ನೀವು ಬರೆದಿಲ್ಲ. ಮಿಕ್ಕ ಕೀಲುಗಳೆಲ್ಲ ಸುಮ್ಮನಿದ್ದು ಒಂದೇ ಒಂದು ಕೀಲು ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಸ್ವಲ್ಪ ಅಲುಗಾಡಿಸಿದರೂ ಜೀವ ಹೋಗುವ ಹಾಗಿದ್ದರೆ ಅದನ್ನು ಫ್ಲೇರ್ (ಹತೋಟಿಯಲ್ಲಿದ್ದ ಕಾಯಿಲೆ ಮತ್ತೆ ಕೆರಳುವುದು) ಅಂತ ನೀವೇ ತೀರ್ಮಾನ ಮಾಡಬೇಡಿ. ಕೀಲಿನೊಳಗೆ ಸೋಂಕು ಆಗಿರಬಹುದು. ನಮ್ಮಂಥವರಿಗೆ ಈ ಅಪಾಯ ಬೇರೆಯವರಿಗಿಂತ ಜಾಸ್ತಿ. ಕಾಯಿಲೆಯಿಂದ ಈಗಾಗಲೇ ಪೆಟ್ಟು ತಿಂದ ಕೀಲಿನಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಬೀಡು ಬಿಡುತ್ತದೆ. ಅದರ ಮೇಲೆ, ನಾವು ತಗೊಳ್ಳುವ ಔಷಧಿಗಳ ಕೆಲಸವೇ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದು. ಜ್ವರ ಇಲ್ಲವಲ್ಲ ಅಂತ ಸಮಾಧಾನ ಪಡುವ ಹಾಗೂ ಇಲ್ಲ. ಸ್ಟೀರಾಯ್ಡ್ ಅಥವಾ ಪ್ಯಾರಸಿಟಮಾಲ್ ತಗೊಳ್ಳುತ್ತಿದ್ದರೆ ಜ್ವರ ಮೇಲೆ ಕಾಣಿಸದೇ ಇರಬಹುದು. ಸೋಂಕು ತಗುಲಿದ ಕೀಲು ಕೆಲವೇ ದಿನಗಳಲ್ಲಿ ಮತ್ತೆ ಸರಿಯಾಗದಷ್ಟು ಹಾಳಾಗಬಹುದು. ಹಾಗಾಗಿ ಅವತ್ತೇ ಆಸ್ಪತ್ರೆಗೆ ಹೋಗಬೇಕು, ನಾಳೆ ನೋಡೋಣ ಅನ್ನಬಾರದು. ಅಲ್ಲಿ ಸೂಜಿ ಹಾಕಿ ಕೀಲಿನ ನೀರು ತೆಗೆದು ಪರೀಕ್ಷೆ ಮಾಡುತ್ತಾರೆ. ಅದೇ ನೀರಿನಲ್ಲಿ ಯೂರಿಕ್ ಆಸಿಡ್ ಹರಳು ಕಂಡರೆ ಅದು ಗೌಟ್, ಅದರ ಚಿಕಿತ್ಸೆಯೇ ಬೇರೆ. ನಮ್ಮ ಥರದ ಆಟೋಇಮ್ಯೂನ್ (ದೇಹ ತನ್ನ ಮೇಲೇ ತಿರುಗಿಬೀಳುವ) ಕಾಯಿಲೆ ಇದ್ದವರಿಗೆ ಬೇರೆ ಕಾಯಿಲೆ ಬರಬಾರದು ಅಂತ ಏನೂ ಇಲ್ಲವಲ್ಲ!

ಇನ್ನೂ ಕೆಲವು ಲಕ್ಷಣಗಳಿಗೆ ತಡ ಮಾಡುವ ಹಾಗಿಲ್ಲ. ಹೊಸದಾಗಿ ಕತ್ತು ನೋವು ಬಂದು ಜೊತೆಗೆ ಕೈಕಾಲು ಜೋಮು ಹಿಡಿಯುವುದು ಅಥವಾ ಬಲ ಕಳೆದುಕೊಳ್ಳುವುದು. ಈ ಕಾಯಿಲೆ ಕತ್ತಿನ ಮೇಲ್ಭಾಗದ ಮೂಳೆಗಳ ನಡುವಿನ ಹಿಡಿತವನ್ನೂ ಸಡಿಲ ಮಾಡಬಲ್ಲದು, ಆದ್ದರಿಂದ ಕತ್ತು ಲಟಕ್ಕೆನ್ನಿಸುವ ಮಸಾಜ್ ಬೇಡವೇ ಬೇಡ. ಕಣ್ಣು ಕೆಂಪಾಗಿ ನೋಯುವುದು, ಉಸಿರಾಡುವಾಗ ಎದೆ ನೋಯುವುದು, ಒಂದೇ ಕಾಲಿನ ಮೀನಖಂಡ ಊದಿಕೊಳ್ಳುವುದು, ಇವು ಕೂಡ ಅಷ್ಟೇ.

ಇದ್ಯಾವುದೂ ಇಲ್ಲ ಅಂತಾದರೆ ಸ್ವಲ್ಪ ನಿಧಾನವಾಗಿ ಯೋಚಿಸಬಹುದು. ರುಮಟಾಯ್ಡ್ ಫ್ಲೇರ್ ಸಾಮಾನ್ಯವಾಗಿ ಎರಡೂ ಕಡೆ ಬರುತ್ತದೆ. ಬೆರಳಿನ ಬುಡದ ಗೆಣ್ಣು, ನಡುವಿನ ಗೆಣ್ಣು, ಮಣಿಕಟ್ಟು, ಪಾದದ ಮುಂಭಾಗ ಹಿಡಿಯುತ್ತದೆ. ಉಗುರಿನ ಪಕ್ಕದ ಕೊನೆಯ ಗೆಣ್ಣನ್ನು ಹೆಚ್ಚಾಗಿ ಬಿಟ್ಟುಬಿಡುತ್ತದೆ. ನಾನು ಬೆಳಿಗ್ಗೆ ಎದ್ದ ಕೂಡಲೇ ಬೆಳಕಿಗೆ ಕೈ ಹಿಡಿದು ಮುಷ್ಟಿ ಕಟ್ಟಿ ನೋಡುತ್ತೇನೆ. ಸರಿಯಾದ ಕೈಯಲ್ಲಿ ಮುಷ್ಟಿ ಕಟ್ಟಿದಾಗ ಗೆಣ್ಣುಗಳು ಎದ್ದು ನಿಲ್ಲುತ್ತವೆ, ನಡುವೆ ತಗ್ಗುಗಳು ಕಾಣುತ್ತವೆ. ಊತ ಇದ್ದರೆ ಆ ತಗ್ಗುಗಳು ತುಂಬಿಕೊಂಡು ಗೆಣ್ಣಿನ ಸಾಲು ಸಪಾಟಾಗುತ್ತದೆ, ಚರ್ಮ ಹೊಳೆಯುತ್ತದೆ, ಬೆರಳ ತುದಿ ಅಂಗೈಗೆ ಮುಟ್ಟುವುದೇ ಇಲ್ಲ. ಆಮೇಲೆ ಹೆಬ್ಬೆರಳಿನಿಂದ ಒಂದೊಂದೇ ಗೆಣ್ಣು ಒತ್ತಿ ನೋಡುತ್ತೇನೆ. ಊದಿದ ಕೀಲು ಮೂಳೆಯ ಹಾಗೆ ಗಟ್ಟಿ ಇರುವುದಿಲ್ಲ, ಮೆತ್ತಗೆ ಒತ್ತಿಕೊಳ್ಳುತ್ತದೆ.

ಬಿಗಿತ ಎಷ್ಟು ಹೊತ್ತು ಇರುತ್ತದೆ ಅನ್ನುವುದನ್ನೂ ಗಮನಿಸಿ. ಎದ್ದ ಹತ್ತು ನಿಮಿಷದಲ್ಲಿ ಬಿಟ್ಟುಕೊಂಡರೆ ಅದು ಸವೆತದ್ದೋ ಹಿಂದಿನ ದಿನದ ಕೆಲಸದ್ದೋ ಇರಬಹುದು. ಗಂಟೆಗಟ್ಟಲೆ ಬಿಡದೇ ಇದ್ದರೆ ಒಳಗೆ ಉರಿಯೂತ ನಡೆಯುತ್ತಿದೆ ಅಂತ. ಬೆಳಿಗ್ಗೆಯೇ ಯಾಕೆ ಇಷ್ಟು ಕಾಡುತ್ತದೆ ಅಂತ ನಾನು ಮೊದಲೆಲ್ಲ ತಲೆ ಕೆಡಿಸಿಕೊಳ್ಳುತ್ತಿದ್ದೆ. ಊತ ಹುಟ್ಟಿಸುವ ಐಎಲ್-6 ಥರದ ರಾಸಾಯನಿಕಗಳು ಬೆಳಗಿನ ಜಾವಕ್ಕೆ ಏರುತ್ತವೆ. ಅದನ್ನು ತಣಿಸಲು ನಮ್ಮ ದೇಹವೇ ತಯಾರಿಸುವ ಕಾರ್ಟಿಸೋಲ್ ಹಾರ್ಮೋನು ಆ ಏರಿಕೆಗೆ ಸಾಲುವುದಿಲ್ಲ. ಆದ್ದರಿಂದ ಬೆಳಿಗ್ಗೆ ಎಂಟರ ಕೈ ನೋಡಿ ಇಡೀ ದಿನದ ಭವಿಷ್ಯ ಹೇಳಿಕೊಳ್ಳಬೇಡಿ. ಮಧ್ಯಾಹ್ನದ ಹೊತ್ತಿಗೆ ಅದೇ ಕೈ ಬೇರೆ ಥರ ಇರುತ್ತದೆ.

ಯಾಕೆ ಬಂತು ಅನ್ನುವ ಪ್ರಶ್ನೆಗೆ ಜಾಸ್ತಿ ಹೊತ್ತು ಕೊಡಬೇಡಿ. ಮಾತ್ರೆ ತಪ್ಪಿದೆಯಾ, ಸ್ಟೀರಾಯ್ಡ್ ಡೋಸ್ ಇತ್ತೀಚೆಗೆ ಇಳಿಸಿದ್ದಾರಾ, ನೆಗಡಿ-ಜ್ವರ ಅಥವಾ ಉರಿ ಮೂತ್ರ ಏನಾದರೂ ಆಗಿತ್ತಾ, ನಿದ್ದೆಗೆಟ್ಟು ಮೈಮುರಿದು ದುಡಿದಿರಾ, ಇಷ್ಟು ನೆನಪು ಮಾಡಿಕೊಳ್ಳಿ. ಇವುಗಳಲ್ಲಿ ಒಂದು ಸಿಕ್ಕರೆ ಡಾಕ್ಟರ್‌ಗೆ ಹೇಳಲು ಅನುಕೂಲ. ಸಿಗರೇಟ್ ಅಭ್ಯಾಸ ಇದ್ದರೆ ಅದು ಕಾಯಿಲೆಯನ್ನು ಕೆರಳಿಸುತ್ತದೆ, ಔಷಧಿ ಕೆಲಸ ಮಾಡುವುದನ್ನೂ ತಗ್ಗಿಸುತ್ತದೆ. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ. ಆಗ ಹಿಂದಿನ ದಿನ ತಿಂದಿದ್ದು ಕುಡಿದಿದ್ದನ್ನೆಲ್ಲ ಕಟಕಟೆಗೆ ಏರಿಸುತ್ತಾ ಕೂರುವುದರಿಂದ ಏನೂ ಸಿಗುವುದಿಲ್ಲ.

ಈಗ ಮಾತ್ರೆ ವಿಷಯ. ನೋವು ಜಾಸ್ತಿ ಆಯ್ತು ಅಂತ ಮೆಥೋಟ್ರೆಕ್ಸೇಟ್ ಒಂದು ಹೆಚ್ಚಿಗೆ ನುಂಗುವ ಯೋಚನೆ ಮಾಡಲೇಬೇಡಿ. ಅದು ಇವತ್ತಿನ ನೋವಿಗೆ ಇರುವ ಮಾತ್ರೆಯೇ ಅಲ್ಲ. ಅದರ ಪರಿಣಾಮ ಕಾಣಲು ವಾರಗಳೇ ಬೇಕು, ಪೂರ್ತಿ ಗೊತ್ತಾಗಲು ಸುಮಾರು 12 ವಾರ ಹಿಡಿಯುತ್ತದೆ. ವಾರಕ್ಕೊಮ್ಮೆ ತಗೊಳ್ಳಬೇಕಾದ್ದನ್ನು ದಿನಾ ತಗೊಂಡವರಿಗೆ ಬಾಯಿಹುಣ್ಣು, ರಕ್ತಕಣ ಕುಸಿತ ಆಗಿ ಜೀವಕ್ಕೇ ಅಪಾಯ ಬಂದಿದೆ. ಹಾಗೇ, ಜ್ವರವೋ ಸೋಂಕೋ ಇದ್ದರೆ ಆ ವಾರದ ಡೋಸ್ ತಗೊಳ್ಳಬೇಕಾ ಬಿಡಬೇಕಾ ಅಂತ ಫೋನ್ ಮಾಡಿ ಕೇಳಿ. ಎಷ್ಟೋ ಡಾಕ್ಟರ್‌ಗಳು ಸೋಂಕು ಇಳಿಯುವವರೆಗೆ ನಿಲ್ಲಿಸಲು ಹೇಳುತ್ತಾರೆ.

ಪೇನ್ ಕಿಲ್ಲರ್‌ನಲ್ಲಿ ಎರಡು ಜಾತಿ ಇದೆ. ಪ್ಯಾರಸಿಟಮಾಲ್ ನೋವು ತಗ್ಗಿಸುತ್ತದೆ, ಊತಕ್ಕೆ ಏನೂ ಮಾಡುವುದಿಲ್ಲ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಅದರ ಕಟ್ಟಕಡೆಯ ಮಿತಿ. ಲಿವರ್ ತೊಂದರೆ ಇದ್ದರೆ ಅದಕ್ಕಿಂತ ಕಡಿಮೆ. ನೆಗಡಿ ಮಾತ್ರೆಗಳಲ್ಲೂ ಇದೇ ಸೇರಿರುತ್ತದೆ, ಲೆಕ್ಕ ಹಾಕುವಾಗ ನೋಡಿಕೊಳ್ಳಿ. ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಡೈಕ್ಲೋಫೆನಾಕ್ ಇನ್ನೊಂದು ಜಾತಿ. ಇವು ಊತಕ್ಕೂ ಕೆಲಸ ಮಾಡುತ್ತವೆ. ಆದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ ತೊಂದರೆ, ಹೃದಯದ ತೊಂದರೆ, ಬಿಪಿ, ರಕ್ತ ತೆಳು ಮಾಡುವ ಮಾತ್ರೆ, ಬಸಿರು, ಇವುಗಳಲ್ಲಿ ಒಂದಿದ್ದರೂ ಕೇಳದೆ ಮುಟ್ಟಬೇಡಿ. ಮೆಥೋಟ್ರೆಕ್ಸೇಟ್ ಜೊತೆ ಇವನ್ನು ಕೊಡುವುದುಂಟು, ಆದರೆ ಕಿಡ್ನಿ ಪರೀಕ್ಷೆ ಮಾಡಿಸಿಕೊಂಡು, ಡಾಕ್ಟರ್‌ಗೆ ಗೊತ್ತಿದ್ದೇ ನಡೆಯಬೇಕು. ಈ ಜಾತಿಯದು ಎರಡು ಒಟ್ಟಿಗೆ ತಗೊಂಡರೆ ನೋವು ಎರಡು ಪಟ್ಟು ಇಳಿಯುವುದಿಲ್ಲ, ಹೊಟ್ಟೆಗೆ ಕಷ್ಟ ಅಷ್ಟೆ.

ಡ್ರಾಯರ್‌ನಲ್ಲಿ ಉಳಿದ ಸ್ಟೀರಾಯ್ಡ್ ಸ್ಟ್ರಿಪ್ ನಿಮ್ಮನ್ನು ಕರೆಯುತ್ತದೆ. ನನ್ನನ್ನೂ ಕರೆಯುತ್ತದೆ. ಅದರ ಚಮತ್ಕಾರ ಸುಳ್ಳಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಈ ಕಾಯಿಲೆಯಿಂದ ಓಡಾಡಲಾಗದೆ ಇದ್ದ ಒಬ್ಬ ಹೆಂಗಸಿಗೆ ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದರು. 1950ರಲ್ಲಿ ಹೆಂಚ್ ಅವರಿಗೆ ಈ ಹಾರ್ಮೋನುಗಳನ್ನು ಅಧ್ಯಯನ ಮಾಡಿದ ಕೆಂಡಲ್, ರೈಕ್‌ಸ್ಟೈನ್ ಜೊತೆ ನೊಬೆಲ್ ಬಂತು. ಆದರೆ ಹೆಚ್ಚು ದಿನ ಕೊಟ್ಟಾಗ ಏನಾಗುತ್ತದೆ ಅನ್ನುವುದೂ ಬೇಗ ಗೊತ್ತಾಯಿತು: ಮೂಳೆ ಟೊಳ್ಳಾಗುವುದು, ಶುಗರ್ ಏರುವುದು, ಮುಖ ಊದುವುದು, ಸೋಂಕು. ಡಾಕ್ಟರ್ ಫ್ಲೇರ್‌ಗೆ ಅಂತ ಕೆಲವು ದಿನಕ್ಕೆ ಕೊಟ್ಟರೆ ಹೆದರಬೇಕಿಲ್ಲ, ಅದು ಒಳ್ಳೆಯ ಉಪಾಯವೇ. ನಾವೇ ಶುರು ಮಾಡಿ ನಾವೇ ನಿಲ್ಲಿಸುವುದು ಮಾತ್ರ ಬೇಡ. ಕೆಲವು ವಾರ ತಗೊಂಡ ಮೇಲೆ ದೇಹ ತನ್ನ ಕಾರ್ಟಿಸೋಲ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಆಗ ಥಟ್ಟನೆ ನಿಲ್ಲಿಸಿದರೆ ಬಿಪಿ ಬಿದ್ದು ತಲೆ ತಿರುಗಿ ಆಸ್ಪತ್ರೆ ಸೇರಬೇಕಾಗುತ್ತದೆ.

ಮಾತ್ರೆ ಹೊರತು ಮನೆಯಲ್ಲಿ ಮಾಡುವುದು ಇಷ್ಟೇ. ಊದಿ ಬಿಸಿಯಾದ ಕೀಲಿಗೆ ತಣ್ಣನೆಯದು, ಬರೀ ಬಿಗಿತಕ್ಕೆ ಬೆಚ್ಚನೆಯದು. ಐಸನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷದಷ್ಟು ಹೊತ್ತು, ಚರ್ಮಕ್ಕೆ ನೇರವಾಗಿ ಬೇಡ. ಮಣಿಕಟ್ಟಿಗೆ ಸ್ಪ್ಲಿಂಟ್ (ಕೀಲು ಅಲುಗದಂತೆ ಹಿಡಿದಿಡುವ ಪಟ್ಟಿ) ಇದ್ದರೆ ಕೆಲಸ ಮಾಡುವಾಗಲೂ ಮಲಗುವಾಗಲೂ ಹಾಕಿಕೊಳ್ಳಿ, ನಡುನಡುವೆ ಬಿಚ್ಚಿ ಕೈ ಆಡಿಸಿ. ಭಾರವನ್ನು ಬೆರಳಿಂದ ದೊಡ್ಡ ಕೀಲುಗಳಿಗೆ ದಾಟಿಸಿ: ಚೀಲವನ್ನು ಬೆರಳಲ್ಲಿ ತೂಗು ಹಾಕುವ ಬದಲು ಮುಂದೋಳಿಗೆ ಅಥವಾ ಹೆಗಲಿಗೆ, ಲೋಟವನ್ನು ಎರಡೂ ಅಂಗೈಯಲ್ಲಿ, ಬಾಗಿಲನ್ನು ತೋಳಿನಿಂದ ತಳ್ಳಿ. ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡರೆ ಹಿಡಿಯಲು ಹಗುರ. ಇದೆಲ್ಲ ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಸಂಜೆ ಹೊತ್ತಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಡಾಕ್ಟರ್ ವಿಷಯಕ್ಕೆ ಬಂದರೆ, ಮೊದಲು ಹೇಳಿದ ಅಪಾಯದ ಲಕ್ಷಣಗಳು ಇಲ್ಲದಿದ್ದರೆ ಓಡಬೇಕಿಲ್ಲ, ಆದರೆ ತಿಳಿಸಬೇಕು. ಊತ ಎರಡು-ಮೂರು ದಿನದಲ್ಲಿ ಇಳಿಮುಖ ಆಗದಿದ್ದರೆ, ಅಥವಾ ಹೀಗೆ ಪದೇ ಪದೇ ಬರುತ್ತಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಪದೇ ಪದೇ ಫ್ಲೇರ್ ಅಂದರೆ ಈಗಿನ ಔಷಧಿ ಸಾಲುತ್ತಿಲ್ಲ ಅಂತ ಅರ್ಥ ಆಗಬಹುದು. ಸಹಿಸಿಕೊಂಡು ಕೂತರೆ ಕೀಲು ಸವೆಯುವುದು ನಿಲ್ಲುವುದಿಲ್ಲ. ಊತ ಇರುವಾಗಲೇ ಫೋಟೊ ತೆಗೆದಿಡಿ. ಮುಷ್ಟಿ ಕಟ್ಟಿದ್ದು ಒಂದು, ಬೆರಳು ಚಾಚಿದ್ದು ಒಂದು, ಎರಡೂ ಕೈ ಪಕ್ಕಪಕ್ಕ. ನಮ್ಮ ಕೀಲುಗಳಿಗೆ ಒಂದು ಕೆಟ್ಟ ಅಭ್ಯಾಸ: ಮನೆಯಲ್ಲಿ ಕುಣಿದಾಡಿ ಡಾಕ್ಟರ್ ಮುಂದೆ ಸಾಧುವಾಗಿ ಕೂರುತ್ತವೆ. ಉರಿಯೂತ ಎಷ್ಟಿದೆ ಅಂತ ತೋರಿಸುವ ಸಿಆರ್‌ಪಿ, ಇಎಸ್‌ಆರ್ ರಕ್ತ ಪರೀಕ್ಷೆಗಳನ್ನೇ ಪೂರ್ತಿ ನೆಚ್ಚಬೇಡಿ. ಸಿಆರ್‌ಪಿ ಬೇಗ ಏರಿ ಬೇಗ ಇಳಿಯುತ್ತದೆ, ಇಎಸ್‌ಆರ್ ನಿಧಾನ. ಎರಡೂ ನಾರ್ಮಲ್ ಇದ್ದೂ ಕೀಲು ಊದಿರುವುದುಂಟು. ಅದಕ್ಕೇ ಒಳ್ಳೆಯ ರುಮಟಾಲಜಿಸ್ಟ್ (ಈ ಕಾಯಿಲೆಯ ತಜ್ಞ ಡಾಕ್ಟರ್) ರಿಪೋರ್ಟ್ ನೋಡಿ ಬಿಡುವುದಿಲ್ಲ, ಕೀಲುಗಳನ್ನು ಒಂದೊಂದಾಗಿ ಒತ್ತಿ ಎಣಿಸುತ್ತಾರೆ. ಊತವೇ ಇಲ್ಲದೆ ಮೈಯೆಲ್ಲ ನೋವು, ನಿದ್ದೆ ಇಲ್ಲ, ಸುಸ್ತು ಅಂತಿದ್ದರೆ ಅದನ್ನೂ ಹೇಳಿ. ನಮ್ಮಲ್ಲಿ ಕೆಲವರಿಗೆ ಫೈಬ್ರೋಮಯಾಲ್ಜಿಯಾ ಅನ್ನುವ ಈ ಬೇರೆ ತೊಂದರೆಯೂ ಜೊತೆಗೇ ಇರುತ್ತದೆ. ಅದಕ್ಕೆ ಇಮ್ಯುನಿಟಿ ತಗ್ಗಿಸುವ ಔಷಧಿ ಏರಿಸಿ ಪ್ರಯೋಜನವಿಲ್ಲ.

ಮುಂದಿನ ಸಲ ಹೋದಾಗ, ಕೈ ಚೆನ್ನಾಗಿರುವಾಗಲೇ, ಮೂರು ವಿಷಯ ಕೇಳಿ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಫ್ಲೇರ್ ಆದರೆ ನಾನು ಯಾವ ಮಾತ್ರೆ, ಎಷ್ಟು ದಿನದವರೆಗೆ ತಗೊಳ್ಳಬಹುದು? ಯಾವಾಗ ನಿಮಗೆ ಫೋನ್ ಮಾಡಬೇಕು? ಜ್ವರ ಬಂದರೆ ಯಾವುದನ್ನು ನಿಲ್ಲಿಸಬೇಕು? ನೋಯುತ್ತಿರುವ ರಾತ್ರಿಯ ತಲೆ ಸರಿಯಾಗಿ ಲೆಕ್ಕ ಹಾಕುವುದಿಲ್ಲ. ಆಗ ಆ ಹಾಳೆ ಇದ್ದರೆ ಸಾಕು. ಮನೆಯವರಿಗೂ ತೋರಿಸಿ. ನೋಡೋಕೆ ಚೆನ್ನಾಗೇ ಇದ್ದೀಯಲ್ಲ ಅನ್ನುವವರಿಗೆ ಕಾಯಿಲೆಯ ಪಾಠ ಮಾಡುವುದನ್ನು ನಾನು ಬಿಟ್ಟಿದ್ದೇನೆ. ಇವತ್ತು ಬಾಟಲಿ ಮುಚ್ಚಳ ತೆಗೆದುಕೊಡಿ ಅಂತ ನೇರವಾಗಿ ಕೇಳಿದರೆ ಜನ ಮಾಡಿಕೊಡುತ್ತಾರೆ.

ಕೊನೆಗೆ ವ್ಯಾಯಾಮ. ಬಿಡಬೇಡಿ, ಬದಲಾಯಿಸಿ. ಊದಿದ ಕೀಲಿನ ಮೇಲೆ ಭಾರ ಹಾಕುವ ವ್ಯಾಯಾಮ ಊತ ಇಳಿಯುವವರೆಗೆ ನಿಲ್ಲಿಸಿ. ಆದರೆ ಅದನ್ನು ಪೂರ್ತಿ ಆಡಿಸದೆ ಇಟ್ಟರೆ ಇನ್ನಷ್ಟು ಬಿಗಿಯುತ್ತದೆ, ಸುತ್ತಲಿನ ಸ್ನಾಯು ಬೇಗ ಬಲ ಕಳೆದುಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು, ನೋವು ಶುರುವಾಗುವ ಜಾಗದವರೆಗೆ ಮಾತ್ರ ಬೆರಳು ಮಡಚಿ ಬಿಡಿಸಿ. ದಿನಕ್ಕೆ ಕೆಲವು ಸಲ ಸಾಕು. ನೋಯದ ಕೀಲುಗಳ ವ್ಯಾಯಾಮ, ನಡಿಗೆ ಎಂದಿನಂತೆ ನಡೆಯಲಿ, ಕಾಲು ಊದಿಲ್ಲದಿದ್ದರೆ. ಮತ್ತೆ ಶುರು ಮಾಡುವಾಗ ಮೊದಲಿನ ಅರ್ಧದಿಂದ ಶುರು ಮಾಡಿ. ವ್ಯಾಯಾಮ ಆಗಿ ಎರಡು ಗಂಟೆ ಕಳೆದ ಮೇಲೂ ನೋವು ಮೊದಲಿಗಿಂತ ಜಾಸ್ತಿ ಇದ್ದರೆ, ಮಾರನೇ ದಿನ ಇನ್ನೂ ಕಡಿಮೆ ಮಾಡಿ.